ರಾಜಕೀಯ ಬೇಡವೆಂದ ಅಜ್ಜಯ್ಯ

ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಮಿರ್ಚಿ ಮಂಡಕ್ಕಿ ಹೋಟೆಲು ನಡೆಸುವ ಅಜ್ಜಯ್ಯನ ಬಗ್ಗೆ ನಾಲ್ಕು ಮಾತು ಬರೆಯಬೇಕು ಅಂತ ಕುಳಿತಿದ್ದೇನೆ. ಬರವಣಿಗೆ ನನ್ನ ಕಸುಬಲ್ಲ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಕೊಟ್ಟು ರಿಟೈರ್ ಆದವನು ನಾನು. ಊರಲ್ಲಿ ನನ್ನ ಹೆಸರು ಯಾರಿಗೂ ಬೇಕಾಗಿಲ್ಲ, ಎಲ್ಲರಿಗೂ ಕಂಡಕ್ಟ್ರು. ರಿಟೈರ್ ಆದದ್ದು ಮೈ ಮಾತ್ರ, ನಾಲಿಗೆ ಇನ್ನೂ ಡ್ಯೂಟಿಯಲ್ಲಿದೆ. ಅಜ್ಜಯ್ಯನ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಅವನ ಮನೆ ಹಾಳು ಮಾಡಿದವರಲ್ಲಿ ಕೂತು ಬರೆಯುವಷ್ಟು ಪುರುಸೊತ್ತು ಇರುವವನು ನಾನೊಬ್ಬನೇ.

ಅಜ್ಜಯ್ಯ ಚಿಗಟೇರಿಯವನು. ಲಿಂಗಾಯತರ ಮನೆ, ನಾಲ್ಕು ಜನ ಅಣ್ಣತಮ್ಮಂದಿರು, ಅವರಲ್ಲಿ ಇವನೇ ಕಿರಿಯ. ಹೊಲ ಪಾಲಾದಾಗ ಅಣ್ಣಂದಿರು ಇವನಿಗೆ ಕಲ್ಲುಭೂಮಿ ತೋರಿಸಿದರು. ಜಗಳವಾಡಲಿಲ್ಲ. ಹೆಂಡತಿ ಕೊಟ್ರಮ್ಮನನ್ನು ಕರೆದುಕೊಂಡು ಹರಪನಹಳ್ಳಿಗೆ ಬಂದು ತಳ್ಳುಗಾಡಿ ಹಾಕಿದ. ಜಗಳವೆಂದರೆ ಅವನಿಗೆ ಮೈ ನಡುಗುತ್ತದೆ. ಸುಮ್ಮನೆ ಹೇಳುವ ಮಾತಲ್ಲ, ಗಿರಾಕಿಗಳು ಕೂಗಾಡಿದರೆ ಅವನ ಕೈಯ ಜಾಲರಿ ಸೌಟು ಬಾಣಲೆಯ ಅಂಚಿಗೆ ಟಕಟಕ ಬಡಿಯುವುದನ್ನು ನಾನೇ ನೋಡಿದ್ದೇನೆ. ತಳ್ಳುಗಾಡಿ ಹತ್ತು ವರ್ಷಕ್ಕೆ ತಗಡಿನ ಅಂಗಡಿಯಾಯಿತು. ಮುಂದೆ ಒಲೆ ಮತ್ತು ಎರಡು ಬೆಂಚು, ನಡುವೆ ಹಲಗೆಯ ಗೋಡೆ, ಹಲಗೆಯ ಹಿಂದೆ ಮನೆ. ಹಲಗೆಯಲ್ಲಿ ಒಂದು ಕಿಂಡಿ ಬಿಟ್ಟಿದ್ದಾರೆ, ಮಂಡಕ್ಕಿಯ ತಟ್ಟೆ ಅದರಿಂದ ಬರುತ್ತದೆ.

ಒಬ್ಬಳೇ ಮಗಳು ಗೀತಾಂಜಲಿ. ಇಪ್ಪತ್ತೊಂದಕ್ಕೆ ಅವಳನ್ನು ಕೂಡ್ಲಿಗಿ ಕಡೆ ಕೊಟ್ಟರು. ಅದೇ ವರ್ಷ ಕೊಟ್ರಮ್ಮ ಕಾಮಾಲೆಯಾಗಿ ತೀರಿಕೊಂಡಳು. ಅಳಿಯನಿಗೆ ಮೊದಲೇ ಒಂದು ಸಂಸಾರವಿತ್ತು ಅನ್ನುವುದು ಆಮೇಲೆ ಬಯಲಾಯಿತು. ಹನ್ನೊಂದು ತಿಂಗಳಿಗೆ ಗೀತಾಂಜಲಿ ತಿರುಗಿ ಬಂದಳು, ಕೋರ್ಟಿನಲ್ಲಿ ಬಿಡುಗಡೆಯೂ ಆಯಿತು, ತಾಯಿ ಬಿಟ್ಟುಹೋದ ಕಿಂಡಿಯ ಹಿಂದೆ ನಿಂತಳು. ಐದು ವರ್ಷ ನಾವು ಅವಳನ್ನು ಮೊಣಕೈವರೆಗೆ ಮಾತ್ರ ನೋಡಿದೆವು. ಎರಡು ಹಸಿರು ಬಳೆ, ಕಡಲೆಹಿಟ್ಟು ಅಂಟಿದ ಬೆರಳು. ಒಳಗೊಬ್ಬ ಹುಡುಗಿ ಇದ್ದಾಳೆ ಅನ್ನುವುದು ನಮ್ಮ ತಲೆಗೇ ಬರಲಿಲ್ಲ, ಯಾಕೆಂದರೆ ನಮ್ಮ ತಲೆಯ ತುಂಬ ಡೆಲ್ಲಿ ಇತ್ತು. ಅವಳ ಪಾಲಿಗೆ ಅದೇ ಒಳ್ಳೆಯ ಕಾಲವಾಗಿತ್ತು ಅಂತ ಈಗ ಅನಿಸುತ್ತದೆ.

ನಮಗೆ ಆಗ ಗೊತ್ತಿಲ್ಲದ ಒಂದು ಸಂಗತಿಯನ್ನು ನಿಮಗೆ ಮೊದಲೇ ಹೇಳಿಬಿಡುತ್ತೇನೆ. ಎರಡು ಸಾವಿರದ ಇಪ್ಪತ್ತನಾಲ್ಕರ ಶಿವರಾತ್ರಿ ಕಳೆದ ಮೇಲೆ ಗೀತಾಂಜಲಿಗೆ ಒಂದು ಸಂಬಂಧ ಕೂಡಿಬಂದಿತ್ತು. ತಂದವಳು ಮಾಗಳದಲ್ಲಿರುವ ಅವರ ನೆಂಟರಾಕೆ ಗಾಳೆಮ್ಮ. ಗಂಡು ಹಗರಿಬೊಮ್ಮನಹಳ್ಳಿಯ ಕೊಟ್ರಸ್ವಾಮಿ, ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವನು. ಹೆಂಡತಿ ತೀರಿಹೋಗಿ ಮೂರು ವರ್ಷ, ಮಕ್ಕಳಿಲ್ಲ. ತಂದೆಯಿಲ್ಲದವನಾದ್ದರಿಂದ ಸೋದರಮಾವನೇ ಮನೆಗೆ ಹಿರಿಯ. ಫೋಟೋ ನೋಡಿ ಇಬ್ಬರೂ ಒಪ್ಪಿದರು. ಒಂದು ಸಲ ಮೋಸ ಹೋಗಿದ್ದಾಳೆ, ಈ ಸಲ ಮಾತಾಡಿ ತಿಳಿದುಕೊಳ್ಳಲಿ ಅಂತ ಅಜ್ಜಯ್ಯನೇ ಮಗಳ ನಂಬರು ಕೊಟ್ಟ. ಕೊಟ್ರಸ್ವಾಮಿ ದಿನಾ ಮಧ್ಯಾಹ್ನ ಹನ್ನೆರಡರ ಮೇಲೆ ಫೋನ್ ಮಾಡುತ್ತಿದ್ದ. ಮೇ ಕೊನೆಗೆ ಉಡಿಕೆ ಮಾಡುವುದು ಅಂತ ಆಗಿತ್ತು. ಉಡಿಕೆಗೆ ಚಪ್ಪರ, ವಾಲಗ ಇರುವುದಿಲ್ಲ. ಎರಡನೇ ಸಲ ಮದುವೆಯಾಗುವವಳಿಗೆ ನಾಲ್ಕು ಜನರ ಮುಂದೆ ಸೀರೆ ಉಡಿಸಿ ಗಂಡನ ಮನೆಗೆ ಕಳಿಸುತ್ತಾರೆ. ಅದು ಆಗುವತನಕ ಹೊರಗೆ ಬಾಯಿ ಬಿಡುವುದಿಲ್ಲ, ಅಜ್ಜಯ್ಯನೂ ಬಿಡಲಿಲ್ಲ.

ಮಾರ್ಚ್ ಹದಿನಾರಕ್ಕೆ ಎಲೆಕ್ಷನ್ ದಿನಾಂಕ ಹೇಳಿದರು. ನಮ್ಮ ಮತದಾನ ಮೇ ಏಳು, ಎಣಿಕೆ ಜೂನ್ ನಾಲ್ಕು. ಬಾಣಂತನಕ್ಕೆ ಬಂದ ಮಗಳು ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೋಗುವಷ್ಟು ದಿನ. ಅದರ ಮೇಲೆ ನಮ್ಮೂರಿನ ಹಣೆಬರಹ ಬೇರೆ. ನಾವು ದಾವಣಗೆರೆ ಕ್ಷೇತ್ರಕ್ಕೆ ಸೇರಿದವರು, ಪಕ್ಕದ ಹಡಗಲಿ, ಹಗರಿಬೊಮ್ಮನಹಳ್ಳಿ ಬಳ್ಳಾರಿ ಕ್ಷೇತ್ರ. ಹಾಗಾಗಿ ಬಸ್‌ಸ್ಟ್ಯಾಂಡಿನಲ್ಲಿ ಎರಡೂ ಕಡೆಯ ಮೈಕಿನ ಆಟೋ, ಎರಡೂ ಕಡೆಯ ಹಾಡು, ಎರಡೂ ಕಡೆಯ ಜಗಳ. ಉಣ್ಣಲು ಕೂತರೆ ಫೋನಿನಲ್ಲಿ ದೊಡ್ಡವರ ರೆಕಾರ್ಡ್ ಮಾಡಿದ ದನಿ ನಮಸ್ಕಾರ ಅನ್ನುತ್ತದೆ, ತಿರುಗಿ ಬೈದರೆ ಅದಕ್ಕೆ ಕೇಳಿಸುವುದಿಲ್ಲ. ಏಪ್ರಿಲ್ ಹೊತ್ತಿಗೆ ಜನ ಕೈಮುಗಿದು ಬರುವವರನ್ನು ಕಂಡರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳತೊಡಗಿದರು. ನಮ್ಮ ಪಕ್ಕದ ಮನೆಯ ಕರಿಯಕ್ಕ ಅಂಗಳದಲ್ಲಿ ನಿಂತು, "ಯಾರಿಗರ ಹಾಕ್ತೀನಿ, ಇವತ್ತ ಹಾಕಿಸ್ಕೊಂಡು ಹೋಗ್ರಪಾ. ನಾಳಿ ಮಾತ್ರ ಬರಬ್ಯಾಡ್ರಿ" ಅಂತ ಅಂಗಲಾಚಿದ್ದನ್ನು ನಾನೇ ಕೇಳಿದ್ದೇನೆ.

ಅಜ್ಜಯ್ಯನ ಬೆಂಚಿಗೆ ನಾವು ಮೂವರು ಕಾಯಂ ಗಿರಾಕಿಗಳು. ನಾನು, ಮೆಕ್ಕೆಜೋಳದ ದಲಾಲಿ ಬೀರಲಿಂಗೇಶ್, ಗೊಬ್ಬರದಂಗಡಿಯ ಅರುಣಕುಮಾರ್. ಬೀರಲಿಂಗೇಶ್ ಒಂದು ಪಕ್ಷ, ಅರುಣಕುಮಾರ್ ಇನ್ನೊಂದು ಪಕ್ಷ, ನಾನು ಬೆಂಕಿಗೆ ತುಪ್ಪ ಸುರಿಯುವ ಪಕ್ಷ. ಯುಗಾದಿಯ ಹಿಂದಿನ ದಿನ ಇಬ್ಬರ ಮಾತು ತಾಯಿ ತಂಗಿಯರವರೆಗೆ ಹೋಗಿ, ಬೀರಲಿಂಗೇಶ್ ಚಹಾದ ಗ್ಲಾಸನ್ನು ಗೋಡೆಗೆ ಎಸೆದ. ಅದು ಮಧ್ಯಾಹ್ನದ ಹೊತ್ತು. ಹಲಗೆಯ ಆಚೆ ಗೀತಾಂಜಲಿಯ ಫೋನಿನಲ್ಲಿ ಕೊಟ್ರಸ್ವಾಮಿ ಇದ್ದ. ಹೆಣ್ಣುಮಗಳು ಇರುವ ಮನೆಯಲ್ಲಿ ಎಂಥ ಮಾತು ಆಡುತ್ತಾರೆ ಅಂತ ಅವನು ಕೇಳಿದನಂತೆ. ಅವಳು ಅಪ್ಪನ ಮುಂದೆ ಅತ್ತಳಂತೆ. ಇದೆಲ್ಲ ನನಗೆ ಒಂದು ತಿಂಗಳು ಬಿಟ್ಟು ತಿಳಿದದ್ದು.

ಹಬ್ಬ ಮುಗಿಸಿ ಹೋದರೆ ಅಂಗಡಿಯ ಕಂಬಕ್ಕೆ ಒಂದು ತಗಡು ನೇತಾಡುತ್ತಿತ್ತು. ಕೆಂಪು ಬಣ್ಣದಲ್ಲಿ ಅಜ್ಜಯ್ಯನೇ ಬರೆದದ್ದು: ಇಲ್ಲಿ ರಾಜಕೀಯ ಮಾತಾಡಬಾರದು, ಮಾತಾಡಿದವರು ಎಲ್ಲರಿಗೂ ಚಹಾ ಕುಡಿಸಬೇಕು. ಮಗಳ ಕಿವಿಗೆ ಹೊಲಸು ಮಾತು ಬೀಳದಿರಲಿ, ಬರುವ ಸಂಬಂಧ ಕೆಡದಿರಲಿ ಅಂತ ಹಾಕಿದ ಬೋರ್ಡು ಅದು. ನಾವು ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಸಾಕಾಗಿತ್ತು. "ಪುಣ್ಯಾತ್ಮ, ಈ ಊರಾಗ ಸುಮ್ನ ಕುಂಡ್ರಾಕ ಒಂದು ಜಾಗ ಮಾಡಿದಿ" ಅಂತ ಅರುಣಕುಮಾರ್ ಅವನ ಬೆನ್ನು ತಟ್ಟಿದ. ಗೊತ್ತಿಲ್ಲದವರೂ ಬೋರ್ಡು ನೋಡಿ ಒಳಗೆ ಬಂದು ಚಹಾ ಕುಡಿದು ಹೋಗುತ್ತಿದ್ದರು.

ಮೂರು ದಿನ ಸುಖವಾಗಿತ್ತು. ನಾಲ್ಕನೇ ದಿನ ನಮ್ಮ ಮಾತು ಮುಗಿದುಹೋಯಿತು. ಮಳೆ ಬಂದಿಲ್ಲ ಅಂದೆವು, ಜೋಳದ ರೇಟು ಬಿದ್ದಿದೆ ಅಂದೆವು, ನನ್ನ ಮಂಡಿ ನೋಯುತ್ತದೆ ಅಂದೆ. ಅಷ್ಟಾದರೆ ಹತ್ತು ನಿಮಿಷ. ಇಪ್ಪತ್ತು ವರ್ಷ ಒಂದೇ ಬೆಂಚಿನ ಮೇಲೆ ಕೂತ ಮೂವರಿಗೆ ಡೆಲ್ಲಿ ಬಿಟ್ಟರೆ ಹೇಳಿಕೊಳ್ಳಲು ಏನೂ ಇರಲಿಲ್ಲ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ, ಬೇಜಾರಾಯಿತು. ಚಹಾ ಹೀರುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹಾಗೆ ಕೂತಾಗ ಹಲಗೆಯ ಆಚೆಯಿಂದ ಒಂದು ನಗು ಕೇಳಿಸಿತು.

"ಯಾರಲೇ ಅದು?" ಅಂದ ಅರುಣಕುಮಾರ್.

"ಅಜ್ಜಯ್ಯನ ಮಗಳು," ಅಂದ ಬೀರಲಿಂಗೇಶ್.

"ಅಕಿ ನಗತಾಳೇನು?"

"ನಗಲಿ ಬಿಡು. ಯಾರ ಕೂಡ ನಗಾಕತ್ಯಾಳ, ಅದು ಕೇಳು."

ಈ ಕೊನೆಯ ಮಾತು ನನ್ನದು.

ಮರುದಿನದಿಂದ ನಾವು ಹನ್ನೆರಡಕ್ಕೆ ಸರಿಯಾಗಿ ಬೆಂಚಿಗೆ ಬರತೊಡಗಿದೆವು. ಅವಳ ಮಾತು ಬಿಡಿಸಿ ಕೇಳಿಸುತ್ತಿರಲಿಲ್ಲ, ಏರಿಳಿತ ಮಾತ್ರ ಕೇಳಿಸುತ್ತಿತ್ತು. ಅಷ್ಟೇ ಸಾಕಾಗಿತ್ತು. ಇವತ್ತು ಹೆಚ್ಚು ನಕ್ಕಳು, ಇವತ್ತು ಮುನಿಸು, ಇವತ್ತು ಅವನೇ ಮೊದಲು ಫೋನ್ ಇಟ್ಟ. ಕೂಡ್ಲಿಗಿಯವನು ಇವಳನ್ನು ಬಿಟ್ಟನೋ ಇವಳೇ ಬಿಟ್ಟಳೋ ಅಂತ ಹಳೆಯದನ್ನೂ ಕೆದಕಿದೆವು. ಗ್ಲಾಸು ಎಸೆಯುವಷ್ಟು ಜಗಳವಾಡಿದ್ದ ಬೀರಲಿಂಗೇಶ್, ಅರುಣಕುಮಾರ್ ಇಬ್ಬರೂ ಒಂದೇ ತಟ್ಟೆಯಲ್ಲಿ ಮಿರ್ಚಿ ಮುರಿದುಕೊಂಡು ತಿನ್ನುವಷ್ಟು ಹತ್ತಿರವಾದರು. ಎಲೆಕ್ಷನ್ ಒಡೆದದ್ದನ್ನು ಗೀತಾಂಜಲಿ ಕೂಡಿಸಿದಳು. ಅಜ್ಜಯ್ಯನಿಗೆ ಒಲೆಯ ಭುಸುಗುಟ್ಟುವ ಸದ್ದಿನಲ್ಲಿ ನಮ್ಮ ಪಿಸುಮಾತು ಕೇಳುತ್ತಿರಲಿಲ್ಲ. ನಾವು ನಕ್ಕರೆ ನಮ್ಮ ಕಡೆ ತಿರುಗಿ ಅವನೂ ನಗುತ್ತಿದ್ದ, ಜಗಳವಿಲ್ಲದ ಅಂಗಡಿ ನೋಡಿ ಅವನಿಗೆ ಸಂತೋಷವಾಗಿತ್ತು.

ಅಂಗಡಿಯ ಎದುರಿಗೆ ಇಶ್ತಿಯಾಕನ ಬೈಕ್ ಗ್ಯಾರೇಜಿದೆ. ಹೆಂಡತಿ ಮೆಹನಾಜ, ಎರಡು ಮಕ್ಕಳು, ತಾನಾಯಿತು ತನ್ನ ಸ್ಪ್ಯಾನರಾಯಿತು ಅನ್ನುವ ಮನುಷ್ಯ. ದಿನಕ್ಕೆರಡು ಸಲ ಬಂದು ನಿಂತುಕೊಂಡೇ ಚಹಾ ಕುಡಿದು ಹೋಗುತ್ತಿದ್ದ. ನಮ್ಮ ರಾಜಕೀಯದಲ್ಲಿ ಅವನು ಒಂದು ದಿನವೂ ಬಾಯಿ ಹಾಕಲಿಲ್ಲ, ಅಜ್ಜಯ್ಯ ಕಂಬಕ್ಕೆ ಹಾಕಿದ ಬೋರ್ಡನ್ನು ಅವನು ಎಷ್ಟೋ ವರ್ಷ ಮೊದಲೇ ತನ್ನ ಬಾಯಿಗೆ ಹಾಕಿಕೊಂಡಿದ್ದ. ಮಧ್ಯಾಹ್ನ ಬಿಸಿಲಿಗೆ ಗಿರಾಕಿ ಇಲ್ಲದಾಗ ಫೋನ್ ಹಿಡಿದು ಕೂರುವುದು ಅವನ ರೂಢಿ. ಅವನೂ ಫೋನಿನಲ್ಲಿ, ಇವಳೂ ಫೋನಿನಲ್ಲಿ. ಒಂದು ದಿನ ನಾನು ಚಹಾ ಊದುತ್ತ, "ಒಳಗಿನ ರೇಡಿಯೋಕ್ಕ ಎದುರಿನ ಗ್ಯಾರೇಜಿನ ಸ್ಟೇಷನ್ ಹತ್ತೈತಿ ನೋಡ್ರಲೇ" ಅಂದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾವು ಅದನ್ನು ನಂಬಿದ್ದೆವು ಅಂತಲ್ಲ. ನಂಬುವ ಅಗತ್ಯವೇ ಬೀಳಲಿಲ್ಲ, ಒಂದು ತಿಂಗಳಿಂದ ಮೈಕಿನಲ್ಲಿ, ಫೋನಿನಲ್ಲಿ ಕೇಳಿ ಕೇಳಿ ಹೊಟ್ಟೆಯಲ್ಲಿ ಇಳಿದದ್ದು ತಾನಾಗಿ ಮೇಲೆ ಬಂತು. ಬೋರ್ಡು ಅದನ್ನು ತಡೆಯಲಿಲ್ಲ, ನಾವು ರಾಜಕೀಯದ ಒಂದು ಮಾತೂ ಆಡಿರಲಿಲ್ಲ.

ಏಪ್ರಿಲ್ ಕೊನೆಯ ಗುರುವಾರ ಒಬ್ಬ ಹಿರಿಯರು ಬೆಂಚಿಗೆ ಬಂದು ಕೂತರು. ಬಿಳಿ ಧೋತರ, ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಟವೆಲು. ಅಜ್ಜಯ್ಯ ಸಿಲಿಂಡರ್ ತರಲು ಹೋಗಿದ್ದ, ಒಲೆ ಆರಿತ್ತು. ಬೆಳಿಗ್ಗೆ ಕರಿದ ಮಿರ್ಚಿಯ ಜೊತೆ ಒಂದು ತಟ್ಟೆ ಮಂಡಕ್ಕಿ ಕಿಂಡಿಯಿಂದ ಬಂತು. ಹಿರಿಯರು ತಟ್ಟೆಗಿಂತ ಹೆಚ್ಚು ಹೊತ್ತು ಆ ಕೈಯನ್ನು ನೋಡಿದರು.

ನಮ್ಮ ಕಡೆ ಮನೆತನ ವಿಚಾರಿಸುವುದಕ್ಕೆ ಒಂದು ರೀತಿಯಿದೆ. ಯಾರಿಗೂ ಹೇಳದೆ ಆ ಊರಿಗೆ ಬಂದು ಚಹಾದಂಗಡಿಯಲ್ಲಿ ಕೂರುತ್ತಾರೆ. ಮೊದಲು ಮಳೆ ಬೆಳೆ, ಆಮೇಲೆ ಎಲೆಕ್ಷನ್ನು, ಒಂದು ಅರ್ಧ ಗಂಟೆ ಬಿಟ್ಟು ಮೆಲ್ಲಗೆ, ಇಂಥವರ ಮನೆ ಹೆಂಗ್ರಿ ಅಂತ. ನನ್ನ ಮಗನಿಗೆ ಹೆಣ್ಣು ನೋಡುವಾಗ ಹಡಗಲಿಯಲ್ಲಿ ನಾನೇ ಹಾಗೆ ಕೂತು ವಿಚಾರಿಸಿ ಬಂದವನು. ಅವತ್ತು ಮಾತ್ರ ನನ್ನ ಬುದ್ಧಿಗೆ ಮಂಕು ಕವಿದಿತ್ತು.

"ಈ ಕಡೆ ಹವಾ ಹೆಂಗೈತ್ರಿ? ಯಾರು ಬರ್ತಾರ ಅಂತಾರ?" ಅಂದರು ಹಿರಿಯರು.

ಬೀರಲಿಂಗೇಶ್ ಬೋರ್ಡು ತೋರಿಸಿದ. "ಅದೊಂದು ಬಿಟ್ಟು ಏನರ ಕೇಳ್ರಿ ಹಿರ್ಯಾರ. ಅದಕ್ಕ ಇಲ್ಲಿ ದಂಡ ಐತಿ."

ಅವರು ಓದಿ ನಕ್ಕರು. "ಚಲೋ ಮಾಡ್ಯಾರ ಬಿಡ್ರಿ. ನಮ್ಮೂರಾಗೂ ಮಂದಿಗೆ ಸಾಕಾಗೈತಿ."

ಎಲೆಕ್ಷನ್ ಮಾತು ಅರ್ಧ ಗಂಟೆ ನಡೆದಿದ್ದರೆ ಅಷ್ಟರಲ್ಲಿ ಅಜ್ಜಯ್ಯ ಸಿಲಿಂಡರ್ ತಂದುಬಿಡುತ್ತಿದ್ದ. ಅದಕ್ಕೆ ನಾವು ಅಡ್ಡ ಹಾಕಿದ್ದರಿಂದ ಮಾತು ನೇರ ಮನೆಗೆ ಬಂತು.

"ಹೋಟ್ಲು ನಡಸೋರು ಹೆಂಥ ಮಂದಿರಿ?"

"ಅಜ್ಜಯ್ಯ ಭಾಳ ಸಾಧು ಮನಷ್ಯಾರಿ, ದೇವರಂಥವ," ಅಂದ ಅರುಣಕುಮಾರ್.

ಆ ಹೊತ್ತಿಗೆ ಒಳಗೆ ಫೋನ್ ಬಂತು, ಸ್ವಲ್ಪ ಹೊತ್ತಿಗೆ ನಗುವೂ ಬಂತು. ಹಿರಿಯರು ಕಿಂಡಿಯ ಕಡೆ ತಿರುಗಿದರು. "ಒಳಗ ಯಾರ್ರಿ?"

ಸುಮ್ಮನಿದ್ದರೆ ಅರುಣಕುಮಾರನೇ ಏನಾದರೂ ಹೇಳಿ ಮುಗಿಸುತ್ತಿದ್ದ. ಹೊಸ ಮನುಷ್ಯ ಸಿಕ್ಕಿದ್ದಾನೆ, ಹಳೆಯ ತಮಾಷೆಗೆ ಹೊಸ ಕಿವಿ ಸಿಕ್ಕಿದೆ ಅನ್ನುವ ಖುಷಿಯಲ್ಲಿ ನಾನೇ ಮುಂದೆ ಬಾಗಿದೆ.

"ಮಗಳ್ರಿ. ಗಂಡನ್ನ ಬಿಟ್ಟು ಬಂದಾಳ. ದಿನಾ ಈ ಹೊತ್ತಿಗೆ ಅಕಿ ರೇಡಿಯೋ ಚಾಲೂ ಆಗತೈತಿ." ಗದ್ದದಿಂದ ರಸ್ತೆಯ ಆಚೆ ತೋರಿಸಿದೆ. "ಸ್ಟೇಷನ್ ಅಲ್ಲೈತಿ ನೋಡ್ರಿ, ಇಶ್ತಿಯಾಕನ ಗ್ಯಾರೇಜು."

ಇಶ್ತಿಯಾಕ ಫೋನಿನಲ್ಲಿ ಯಾವುದೋ ವಿಡಿಯೋ ನೋಡುತ್ತ ಅದೇ ಕ್ಷಣಕ್ಕೆ ನಕ್ಕ. ಹಿರಿಯರು ಅಗಿಯುವುದನ್ನು ನಿಲ್ಲಿಸಿದರು.

"ಎಷ್ಟು ದಿವಸಾತ್ರಿ ಇದು?"

"ತಿಂಗಳ ಮ್ಯಾಲಾತು," ಅಂತ ಹತ್ತು ಹನ್ನೆರಡು ದಿನದ್ದನ್ನು ಹಿಗ್ಗಿಸಿ ಹೇಳಿದೆ.

ಅರ್ಧ ಮಂಡಕ್ಕಿ ಬಿಟ್ಟು, ತಟ್ಟೆಯ ಪಕ್ಕ ದುಡ್ಡು ಇಟ್ಟು, ಬರ್ತೀನ್ರಿ ಅಂತ ಎದ್ದು ಹೋದರು. ಅವರು ಕೊಟ್ರಸ್ವಾಮಿಯ ಸೋದರಮಾವ. ಒಳಗೆ ಗೀತಾಂಜಲಿ ನಗುತ್ತಿದ್ದದ್ದು ಅವರ ಅಳಿಯನ ಮಾತಿಗೇ.

ಮೂರನೇ ದಿನದಿಂದ ಹಲಗೆಯ ಆಚೆ ಸದ್ದಿಲ್ಲ. "ಸ್ಟೇಷನ್ ಬಂದ್ ಆತಲ್ಲೋ" ಅಂತ ಬೀರಲಿಂಗೇಶ್ ಅಂದದ್ದಕ್ಕೂ ನಾನು ನಕ್ಕೆ. ಕಿಂಡಿಯಿಂದ ಬರುವ ತಟ್ಟೆಯಲ್ಲಿ ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಇಲ್ಲವೇ ಇಲ್ಲ. ಅದನ್ನೂ ಆಡಿಕೊಂಡೆವು. ನಮ್ಮ ಮಾತು ಯಾರ ಬಾಯಿಂದಲೋ ಇಶ್ತಿಯಾಕನ ಕಿವಿಗೆ ಬಿತ್ತು. ಅವನು ಬಂದು ಜಗಳವಾಡಲಿಲ್ಲ, ಬರುವುದನ್ನೇ ಬಿಟ್ಟ, ಗ್ಯಾರೇಜಿನ ಈ ಕಡೆಗೆ ಒಂದು ಹಳೆಯ ತಾಡಪಾಲು ಇಳಿಬಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂದೆವು. ಅಷ್ಟು ಹೊತ್ತಿಗೆ ಮತದಾನ ಬಂತು. ಮೂವರೂ ಹೋಗಿ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದೆವು.

ಮತದಾನ ಮುಗಿದ ಮೂರನೇ ದಿನ ಬೆಳಿಗ್ಗೆ ಅಜ್ಜಯ್ಯ ನಮ್ಮ ಮನೆಗೆ ಬಂದ. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು. ಚಪ್ಪಲಿಯನ್ನು ದೂರದಲ್ಲೇ ಬಿಟ್ಟು ಕುರ್ಚಿಯ ತುದಿಯಲ್ಲಿ ಕೂತ.

"ಕಂಡಕ್ಟ್ರೇ, ಒಂದು ಮಾತೈತ್ರಿ. ಇನ್ನೂ ಯಾರ ಮುಂದೂ ಹೇಳಿಲ್ಲ."

ಗಾಳೆಮ್ಮ ತಂದ ಸಂಬಂಧ, ಕೊಟ್ರಸ್ವಾಮಿ, ದಿನಾ ಬರುತ್ತಿದ್ದ ಫೋನು, ಮೇ ಕೊನೆಯ ಉಡಿಕೆ, ಬೋರ್ಡು ಹಾಕಿದ ಕಾರಣ, ಎಲ್ಲ ಹೇಳಿದ. ಅವನ ಬಾಯಿಂದ ಅಷ್ಟು ಮಾತು ನಾನು ಯಾವತ್ತೂ ಕೇಳಿರಲಿಲ್ಲ. "ಅವರ ಮಾವ ವಿಚಾರಸಾಕ ಬಂದಿದ್ರಂತ. ಯಾರೋ ಏನೋ ಹೇಳ್ಯಾರ. ಏನಂತ ಫೋನಿನ್ಯಾಗ ಹೇಳವಲ್ರು, ಹುಡುಗ ಫೋನ್ ಎತ್ತವಲ್ಲ. ಗೀತಾ ಹದಿನೈದು ದಿನಾತು ಸರಿಯಾಗಿ ಉಂಡಿಲ್ರಿ. ನೀವು ನನ್ನ ಅಂಗಡ್ಯಾಗ ಇಪ್ಪತ್ತು ವರ್ಷದಿಂದ ಕುಂಡ್ರೋರು, ನಮ್ಮ ಮನಿ ನೋಡಿದೋರು. ನೀವು ಬಂದು ಒಂದು ಮಾತು ಹೇಳಿದ್ರ ನಂಬತಾರ."

ಅರ್ಧ ಮಂಡಕ್ಕಿ ಬಿಟ್ಟು ಎದ್ದು ಹೋದ ಹಿರಿಯರು ಯಾರು ಅಂತ ಆಗ ನನಗೆ ತಿಳಿಯಿತು. ಆಗಲೇ ಅವನ ಕಾಲು ಹಿಡಿಯಬೇಕಿತ್ತು, ಹಿಡಿಯಲಿಲ್ಲ. ಮಂಡಿನೋವು ಅಂದೆ. "ಕೈ ಹಿಡಕೊಂಡು ಬಸ್ ಹತ್ತಿಸ್ತೀನ್ರಿ" ಅಂದ. ಬೇರೆ ನೆಪ ಹುಡುಕುವಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದ, "ಹೋಗಿ ಬರ್ರಿ, ಪುಣ್ಯದ ಕೆಲಸ" ಅಂದಳು. ಒಲ್ಲೆ ಅಂದರೆ ಅನುಮಾನ ಬರುತ್ತದೆ ಅಂತ ಹೊರಟೆ. ಆ ಮಾವ ಊರಲ್ಲಿ ಇರದಿರಲಿ ಅಂತ ಕೊಟ್ಟೂರು ದಾಟುವವರೆಗೆ ಕೊಟ್ಟೂರೇಶನಿಗೆ ಬೇಡಿಕೊಂಡೆ.

ಹಗರಿಬೊಮ್ಮನಹಳ್ಳಿಯ ಅಂಗಡಿಯಲ್ಲಿ ಕೊಟ್ರಸ್ವಾಮಿ ನೆಲದ ಮೇಲೆ ಕೂತು ಒಂದು ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ಸಣ್ಣ ವಯಸ್ಸಿನವನೇ, ಸಭ್ಯನ ಹಾಗೆ ಕಂಡ. ನಮಗೆ ಸ್ಟೂಲು ಹಾಕಿ, ನೀರು ಕೊಟ್ಟು, ಮಾವನಿಗೆ ಹೇಳಿ ಕಳಿಸಿದ. ಹಿರಿಯರು ಬಂದು ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದರು. ಅಜ್ಜಯ್ಯ ಎದ್ದು ಕೈಮುಗಿದ.

"ಇವರು ನಮ್ಮೂರ ಹಿರ್ಯಾರು, ಬಸ್ಸಿನ ಕಂಡಕ್ಟ್ರು. ನಮ್ಮ ಮನಿ ವಿಚಾರ ಇವರನ್ನ ಕೇಳ್ರಿ. ಇವರು ಸುಳ್ಳು ಹೇಳೋರಲ್ಲ."

"ಇವರನ್ನ ಕೇಳೀನ್ರಿ," ಅಂದರು ಹಿರಿಯರು. "ಇವರನ್ನ ಕೇಳೇ ಈ ಸಂಬಂಧ ಬಿಟ್ಟಿದ್ದು."

ಅಜ್ಜಯ್ಯನಿಗೆ ಅರ್ಥವಾಗಲಿಲ್ಲ. ಹಿರಿಯರು ಸಿಟ್ಟಾಗದೆ, ಒಂದೊಂದಾಗಿ ಹೇಳಿದರು. ಗಂಡನನ್ನು ಬಿಟ್ಟು ಬಂದವಳು, ದಿನಾ ಈ ಹೊತ್ತಿಗೆ, ರೇಡಿಯೋ, ಸ್ಟೇಷನ್, ಗ್ಯಾರೇಜು, ತಿಂಗಳ ಮೇಲಾಯಿತು. ನನ್ನ ಬಾಯಲ್ಲಿ ತಮಾಷೆಯಾಗಿದ್ದ ಮಾತು ಅವರ ಬಾಯಲ್ಲಿ ಸಾಕ್ಷಿ ಹೇಳಿದಂತೆ ಕೇಳಿಸಿತು. ಅಜ್ಜಯ್ಯ ನನ್ನ ಕಡೆ ತಿರುಗಿದ. ಅವನ ಕೈ ನಡುಗುತ್ತಿರಲಿಲ್ಲ, ಅದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಚೇಷ್ಟಿಗೆ ಅಂದಿದ್ದೆರಿ. ಸುಳ್ಳದು," ಅಂದೆ.

"ಅವತ್ತು ನಿಮ್ಮನ್ನ ಯಾರೂ ಕರಕೊಂಡು ಬಂದಿದ್ದಿಲ್ಲ, ನೀವಾಗೇ ಹೇಳಿದ್ರಿ. ಇವತ್ತು ಹುಡುಗಿ ಅಪ್ಪ ಕರಕೊಂಡು ಬಂದಾರ, ಅದಕ್ಕ ಹಿಂಗ ಹೇಳ್ತೀರಿ. ಯಾವುದು ನಂಬೋಣ, ನೀವ ಹೇಳ್ರಿ."

ಅಜ್ಜಯ್ಯ ಕೊಟ್ರಸ್ವಾಮಿಯ ಹತ್ತಿರ ಹೋಗಿ ಅವನ ಮುಂದೆ ನೆಲದ ಮೇಲೆ ಕೂತ. "ನೀನರ ಹೇಳಪಾ. ಆ ಹೊತ್ತಿನ್ಯಾಗ ಗೀತಾ ನಿನ್ನ ಕೂಡ ಮಾತಾಡ್ತಿದ್ಲು. ನಿನಗ ಗೊತ್ತೈತಲ್ಲ."

ಕೊಟ್ರಸ್ವಾಮಿ ತಂತಿ ಸುತ್ತುವುದನ್ನು ನಿಲ್ಲಿಸಿದ. ತಲೆ ಎತ್ತಲಿಲ್ಲ. "ಗೊತ್ತೈತ್ರಿ. ನನ್ನ ಕೂಡನ ಮಾತಾಡ್ತಿದ್ರು. ಮಾವ ಹೇಳಿದ ಮ್ಯಾಲೆ ಫೋನಿನ್ಯಾಗ ಟೈಮ್ ನೋಡೀನಿ, ಎಲ್ಲ ಕರೆಕ್ಟ್ ಐತಿ." ತಂತಿಯ ತುದಿ ತಿರುವುತ್ತ, "ಆದ್ರ ಮಂದಿ ಬಾಯಾಗ ಬಿದ್ದೈತಲ್ರಿ. ನಾಳಿ ಈ ಅಂಗಡಿಗೆ ಮಂದಿ ಬರಬೇಕು" ಅಂದ. ಮತ್ತೆ ತಂತಿ ಸುತ್ತತೊಡಗಿದ. ಹಿರಿಯರು ಚಹಾ ತರಿಸುತ್ತೇವೆ ಅಂದರು, ಅಜ್ಜಯ್ಯ ಬೇಡ ಅಂದ.

ವಾಪಸು ಬರುವ ಬಸ್ಸಿನಲ್ಲಿ ಸೀಟು ಒಂದೇ ಕಡೆ ಖಾಲಿ ಇತ್ತು, ಇಬ್ಬರೂ ಒತ್ತಿಕೊಂಡು ಕೂತೆವು. ಟಿಕೆಟಿಗೆ ನಾನು ಕಿಸೆಗೆ ಕೈ ಹಾಕಿದೆ, ಅವನು ನನ್ನ ಕೈ ಹಿಡಿದು ತಡೆದು ಇಬ್ಬರದೂ ತೆಗೆದ. ಕರೆದುಕೊಂಡು ಹೋದವನು ಅವನು, ಆ ಮರ್ಯಾದೆ ಅವನು ಬಿಡಲಿಲ್ಲ. ನನ್ನನ್ನು ಬೈಯಲಿ, ಚಪ್ಪಲಿ ತೆಗೆದುಕೊಳ್ಳಲಿ ಅಂತ ಕಾದೆ. ಕಿಟಕಿಯ ಆಚೆ ಉತ್ತ ಹೊಲಗಳನ್ನು ನೋಡುತ್ತ ಕೂತುಬಿಟ್ಟ. ತಪ್ಪಾಯಿತು ಅನ್ನಬೇಕೆಂದು ಎರಡು ಸಲ ಬಾಯಿ ತೆರೆದೆ. ಮೂವತ್ತೊಂದು ವರ್ಷ ಇದೇ ದಾರಿಯಲ್ಲಿ ಬಾಯಿ ಮುಚ್ಚದವನಿಗೆ ಅವತ್ತು ಮಾತು ಹೊರಡಲಿಲ್ಲ.

ಕೊಟ್ಟೂರು ಬಿಟ್ಟ ಮೇಲೆ ಅವನ ಫೋನ್ ಬಡಿಯಿತು. ಹೆಸರು ನೋಡಿದ, ಬಡಿಯಲು ಬಿಟ್ಟ. ನಿಂತಿತು, ಮತ್ತೆ ಬಡಿಯಿತು. ಅವನು ಹಸಿರು ಗುಂಡಿ ಒತ್ತಿ ಫೋನನ್ನು ನನ್ನ ಕೈಗೆ ಕೊಟ್ಟ.

"ನೀವ ಹೇಳ್ರಿ," ಅಂದ. "ಹೇಳಾಕ ನಿಮಗ ಬರತೈತಿ."

"ಯಪ್ಪಾ, ಏನಂದ್ರು?" ಅನ್ನುತ್ತಿತ್ತು ಫೋನು.

"ನಾನವ್ವ, ಕಂಡಕ್ಟ್ರು."

"ಕಾಕಾ, ಏನಂದ್ರು ಅವರು?"

ಐದು ವರ್ಷ ಅವಳ ಕೈಯಿಂದ ತಿಂದಿದ್ದೆ, ಅವಳ ಮಾತನ್ನು ನೇರ ಕಿವಿಯಲ್ಲಿ ಕೇಳಿದ್ದು ಅದೇ ಮೊದಲು. ಆ ಎರಡು ತಿಂಗಳು ನಮ್ಮಲ್ಲಿ ಏನು ಕೇಳಿದರೂ ಎಲ್ಲ ಆಫೀಸಿನಲ್ಲಿ, ಎಲ್ಲ ಅಂಗಡಿಯಲ್ಲಿ ಒಂದೇ ಉತ್ತರ ಕೊಡುತ್ತಿದ್ದರು. ನನ್ನ ಬಾಯಿಗೂ ಅದೇ ಬಂತು.

"ಎಲೆಕ್ಷನ್ ರಿಸಲ್ಟ್ ಬರಲಿ, ಆಮ್ಯಾಲೆ ಹೇಳ್ತೀವಿ ಅಂದಾರವ್ವ."

"ಬ್ಯಾಡ ಅಂದಿಲ್ಲಲ್ರಿ?"

"ಇಲ್ಲವ್ವ."

"ರಿಸಲ್ಟ್ ಜೂನ್ ನಾಲ್ಕಕ್ಕಲ್ರಿ?" ಅಂದಳು. ಹೌದು ಅಂದೆ. ಆಗಲಿ ಕಾಕಾ, ಅಪ್ಪಗ ಬಿಸಲಾಗ ಓಡಾಡಬ್ಯಾಡ ಅನ್ರಿ, ಮನ್ಯಾಗ ಅಡಿಗಿ ಮಾಡೀನಿ ಅಂದಳು. ದನಿಯಲ್ಲಿ ಜೀವ ಬಂದಿತ್ತು.

ಫೋನನ್ನು ಅಜ್ಜಯ್ಯನಿಗೆ ಕೊಟ್ಟೆ. ನಾನು ಹೇಳಿದ್ದನ್ನೆಲ್ಲ ಅವನು ಪಕ್ಕದಲ್ಲೇ ಕೂತು ಕೇಳಿದ್ದ. ಫೋನನ್ನು ಕಿಸೆಗೆ ಹಾಕಿಕೊಂಡ. ಮನೆಗೆ ಹೋದ ಮೇಲೆ ಅವನು ನಿಜ ಹೇಳುತ್ತಾನೆ ಅಂದುಕೊಂಡೆ, ಅವನ ಬಾಯಿಂದಲೂ ಅದು ಹೊರಡಲಿಲ್ಲ. ಗೀತಾಂಜಲಿ ಜೂನ್ ನಾಲ್ಕರವರೆಗೆ ಕಾದಳು.